ಮೂವತ್ತು ವರ್ಷದ ಮೇಲೆ ಅದೇ ಬ್ಯಾಂಡ್ ನೋಡಿ ಬಂದೆ, ನಿಮ್ದೂ ಇದ್ರೆ ಹೇಳಿ

ಮೈಕ್‌ಸೆಟ್ ಅಂಕೋಲಾ:
ಎಲ್ರಿಗೂ ನಮಸ್ಕಾರ. ಮಳೆ ಹಿಡ್ಕೊಂಡಿದೆ, ಕೆಲಸ ಇಲ್ಲ, ಹಾಗಾಗಿ ಬಹಳ ದಿನದಿಂದ ತಲೇಲಿ ಇದ್ದದ್ದನ್ನ ಬರೀತಾ ಇದೀನಿ, ಉದ್ದ ಆದ್ರೆ ಬೈಬೇಡಿ. ನಮ್ದು ಅಂಕೋಲಾದಲ್ಲಿ ಮೈಕ್ ಸೆಟ್ ಬಾಡಿಗೆ, ಅಪ್ಪ ಶುರು ಮಾಡಿದ್ದು. 1992ರಲ್ಲಿ ನಾನು ಪಿಯುಸಿ. ಮುಂಬೈಯಿಂದ ರಜೆಗೆ ಬಂದ ಅತ್ತೆ ಮಗ ಎರಡು ಕ್ಯಾಸೆಟ್ ಬಿಟ್ಟು ಹೋದ, ಅಮೆರಿಕದ ರಾಕ್ ಬ್ಯಾಂಡ್ ಗನ್ಸ್ ಎನ್ ರೋಸಸ್‌ದು, ಒಂದರ ಕವರ್ ಹಳದಿ ಕೆಂಪು, ಇನ್ನೊಂದು ನೀಲಿ. ಮನೇಲಿ ಬೇರೆ ಟೇಪ್ ರೆಕಾರ್ಡರ್ ಅಂತ ಇರ್ಲಿಲ್ಲ, ಇದ್ದದ್ದು ಬಾಡಿಗೆ ಸೆಟ್ಟಿನ ಆಂಪ್ಲಿಫೈಯರ್, ಡೆಕ್ಕು, ಭೋಂಗಾ (ಕಹಳೆ ಥರದ ತಗಡಿನ ಸ್ಪೀಕರು). ಹಾಗಾಗಿ ನಾನು ಆ ಹಾಡೆಲ್ಲ ಮೊದಲು ಕೇಳಿದ್ದು ಮದುವೆ ಮನೆ ತೆಂಗಿನಮರಕ್ಕೆ ಕಟ್ಟಿದ ಭೋಂಗಾದಲ್ಲಿ, ಟೆಸ್ಟಿಂಗ್ ಅನ್ನೋ ನೆಪದಲ್ಲಿ. ಮದುಮಗನ ಅಜ್ಜ ಓಡಿ ಬಂದು "ಯಾರಿಗೆ ಏನಾಯ್ತೋ, ಹಾಗ್ಯಾಕೆ ಕೂಗ್ತಾ ಇದಾನೆ" ಅಂತ ಕೇಳಿದ್ದ.

ಗೊತ್ತಿರೋರಿಗೆ ಗೊತ್ತು, ಭೋಂಗಾದಲ್ಲಿ ಬೇಸ್ ಬರಲ್ಲ. ಅದು ಇರೋದೇ ಮಾತು ದೂರ ಮುಟ್ಟಿಸ್ಲಿಕ್ಕೆ, ಕೆಳಗಿನ ಸ್ವರ ಎಲ್ಲ ತಗಡಲ್ಲೇ ಸತ್ತು ಹೋಗ್ತದೆ. ಅಂದ್ರೆ ಆ ಬ್ಯಾಂಡಲ್ಲಿ ಬೇಸ್ ಗಿಟಾರಿನವ ಒಬ್ಬ ಇದಾನೆ ಅನ್ನೋದು ನಂಗೆ ಕವರಲ್ಲಿ ಬರೆದದ್ದು ನೋಡಿ ಗೊತ್ತು ಅಷ್ಟೆ, ಕಿವಿಗೆ ಗೊತ್ತಿಲ್ಲ.

2012 ಡಿಸೆಂಬರ್ 7ಕ್ಕೆ ಅವ್ರು ಬೆಂಗಳೂರಿಗೆ ಬಂದ್ರು. ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿ ಮೇಲೆ ರಾತ್ರಿ ಇಡೀ ಬಸ್ಸು, ಸೊಂಟ ಹೋಯ್ತು. ಡ್ರಮ್ ಬಿದ್ದ ತಕ್ಷಣ ಎದೆಗೇ ಬಂದು ಗುದ್ದಿದ ಹಾಗೆ ಆಯ್ತು, ಆಹಾ ಇದಾ ಬೇಸ್ ಅಂದ್ರೆ ಅಂತ. ಆದ್ರೆ ಆವಾಗ ಬ್ಯಾಂಡಲ್ಲಿ ಗಿಟಾರಿನ ಸ್ಲಾಶ್ ಇಲ್ಲ, ಬೇಸಿನ ಡಫ್ ಇಲ್ಲ, ಹಳಬರಲ್ಲಿ ಹಾಡೋ ಆಕ್ಸಲ್ ಒಬ್ಬ ಮತ್ತೆ ಗಿಟಾರಿಗೆ ಮೂರು ಮೂರು ಜನ. ಚೆನ್ನಾಗೇ ನುಡಿಸಿದ್ರು, ಸುಳ್ಳು ಹೇಳ್ಬಾರ್ದು, ಆದ್ರೆ ನಮ್ಮೂರ ಯಕ್ಷಗಾನದ ಆಟಕ್ಕೆ ಬೇರೆ ಮೇಳದ ಭಾಗವತ್ರು ಬಂದು ಪದ ಹೇಳಿದ ಹಾಗೆ. ಸಿಟ್ಟಲ್ಲೇ ವಾಪಸ್ ಬಂದೆ.

ಈಗ 2025 ಮೇ 17, ಮುಂಬೈ ಮಹಾಲಕ್ಷ್ಮಿ ರೇಸ್‌ಕೋರ್ಸ್. ಸ್ಲಾಶ್ ಡಫ್ ಇಬ್ರೂ 2016ರಲ್ಲೇ ವಾಪಸ್ ಬಂದಿದ್ರಲ್ಲ. ಕಾರವಾರದಲ್ಲಿ ಮತ್ಸ್ಯಗಂಧ ಹತ್ತಿ ಬೆಳಿಗ್ಗೆ ಕುರ್ಲಾ. ಮೇ ತಿಂಗಳ ಮುಂಬೈ ಸೆಕೆ, ಶರ್ಟ್ ಹಿಂಡಿದ್ರೆ ಬಕೆಟ್ ತುಂಬ್ತಿತ್ತು. ಸ್ಲಾಶ್ ಟೋಪಿ ಹಾಕ್ಕೊಂಡು ಬಂದು ಮೊದಲ ಗೆರೆ ಎಳೆದ ನೋಡಿ, ಅದು ಭೋಂಗಾದಲ್ಲಿ ಕೇಳಿದ್ದೇ ಕೈ, ಅನುಮಾನನೇ ಇಲ್ಲ. ಆದ್ರೆ ಆಕ್ಸಲ್ ದನಿ... 63 ವರ್ಷ ಆಯ್ತು ಅವನಿಗೆ. ಮೇಲಿನ ಸ್ವರಕ್ಕೆ ಹೋಗೋವಾಗ ದನಿ ಸಣ್ಣ ದಾರದ ಹಾಗೆ ಆಗ್ತಿತ್ತು, ಕೆಲವು ಕಡೆ ಜನರೇ ಹಾಡಿ ದಾಟಿಸಿದ್ರು. 2012ರಲ್ಲಿ ಇದಕ್ಕಿಂತ ಚೆನ್ನಾಗಿ ಹಾಡಿದ್ದ.

ನನ್ನ ಪ್ರಶ್ನೆ ಇಷ್ಟೆ. ದನಿ ಸರಿ ಇದ್ದಾಗ ಸಿಟ್ಟು ಬಂದಿತ್ತು, ದನಿ ಹೋದ್ಮೇಲೆ ಬರ್ಲಿಲ್ಲ. ಇದು ನಂಗೆ ವಯಸ್ಸಾಯ್ತು ಅಂತಾನಾ ಅಥವಾ ನಿಮಗೂ ಹೀಗೆ ಆಗಿದ್ಯಾ?

ಹೆವಿಮೆಟಲ್ ಹೆಗಡೆ:
ಅಣ್ಣಾ ಭೋಂಗಾದಲ್ಲಿ ಗನ್ಸ್ ಎನ್ ರೋಸಸ್!! ಇದನ್ನ ಕೇಳಿ ಚಾ ಮೂಗಿಗೆ ಹೋಯ್ತು.

ನಂದು 2007 ಮಾರ್ಚ್ 17, ಬೆಂಗಳೂರಿನ ಅರಮನೆ ಮೈದಾನ, ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್. ಅವ್ರು ಇಂಡಿಯಾಕ್ಕೆ ಬಂದದ್ದೇ ಅದೇ ಮೊದಲು. ಶಿರಸಿಯಿಂದ ನಾವು ಐದು ಜನ, ಎಲ್ರೂ ಕಪ್ಪು ಟೀ ಶರ್ಟು, ಬಸ್ಸಲ್ಲಿ ಒಬ್ಬ ಅಜ್ಜಿ "ಯಾರ ಮನೇಲಿ ಏನಾತು ತಮಾ" ಅಂತ ಕೇಳಿದ್ರು. ಮೊದಲು ಪರಿಕ್ರಮ ಬ್ಯಾಂಡಿನವ್ರು ನುಡಿಸಿದ್ರು, ಆಮೇಲೆ ಬೇಸ್ ಬಾರಿಸೋ ಸ್ಟೀವ್ ಹ್ಯಾರಿಸ್ ಮಗಳು ಹಾಡಿದ್ಲು, ಆಮೇಲೆ ಅವ್ರು ಬಂದ್ರು. ಮತ್ತೆ 2009 ಫೆಬ್ರವರಿಗೆ ಬಂದಾಗ ಐದು ಜನದಲ್ಲಿ ಇಬ್ರೇ ಹೋದ್ವಿ, ಉಳಿದೋರಿಗೆ ಮದ್ವೆ, ಅಡಿಕೆ ಕೊಯ್ಲು, ರಜೆ ಇಲ್ಲ. ಅವ್ರಲ್ಲಿ ಹಾಡೋ ಬ್ರೂಸ್ ಡಿಕಿನ್ಸನ್‌ಗೆ ಆಮೇಲೆ ನಾಲಿಗೇಲಿ ಕ್ಯಾನ್ಸರ್ ಬಂದು ವಾಸಿಯಾಗಿ ಮತ್ತೆ ಹಾಡ್ಲಿಕ್ಕೆ ಶುರು ಮಾಡಿದ. ಡ್ರಮ್ಮಿನ ನಿಕೋ 2024 ಡಿಸೆಂಬರಲ್ಲಿ ಟೂರ್ ಸಾಕು ಅಂದ. ನಂಗೆ ಅದೇ ಬೇಜಾರು, ಇನ್ನೊಮ್ಮೆ ಬಂದ್ರೂ ನಾನು ನೋಡಿದ ಆರು ಜನ ಒಟ್ಟಿಗೆ ಇರಲ್ಲ. ನಮ್ಮ ಐದು ಜನನೂ ಇರಲ್ಲ ಅನ್ನಿ, ಒಬ್ಬ ಕೆನಡಾದಲ್ಲಿ ಕೂತಿದಾನೆ.

ಲೋ ಬ್ಯಾಟರಿ:
ಎಲ್ಲ ಯೂಟ್ಯೂಬಲ್ಲಿ ಇದೆಯಲ್ಲ, ಮುದುಕ್ರನ್ನ ನೋಡ್ಲಿಕ್ಕೆ ಅಷ್ಟು ದುಡ್ಡು ಯಾಕೆ ಕೊಡೋದು? ಸಿಟ್ಟಾಗ್ಬೇಡಿ ನಿಜವಾಗ್ಲೂ ಕೇಳ್ತಾ ಇದೀನಿ. ನಾನು ಜನವರಿಲಿ ಕೋಲ್ಡ್‌ಪ್ಲೇಗೆ ಅಹಮದಾಬಾದ್‌ಗೆ ಹೋಗಿದ್ದೆ, ಚೆನ್ನಾಗಿತ್ತು, ಆದ್ರೆ ಅರ್ಧ ಹೊತ್ತು ಸ್ಕ್ರೀನ್ ನೋಡಿದ್ದೇ ಆಯ್ತು.

ಬಿಡಕಿಬೈಲು:
ಲೋ ಬ್ಯಾಟರಿ ತಮಾ, ಮುದುಕರನ್ನ ಯಾಕೆ ನೋಡ್ಬೇಕು ಅಂತ ಹೇಳ್ತೆ ಕೇಳು. ಬ್ಯಾಂಡಿನ ವಿಷಯ ಅಲ್ಲ, ಯಕ್ಷಗಾನ ಆಟದ್ದು, ಬಿಟ್ಟುಬಿಡಿ ಅನ್ನೋರು ಬಿಟ್ಟುಬಿಡಿ.

ಚಿಟ್ಟಾಣಿಯವರ ಭಸ್ಮಾಸುರ ನಾನು ಮೊದಲು ನೋಡಿದ್ದು ಎಂಬತ್ತರ ದಶಕದಲ್ಲಿ, ಅಪ್ಪನ ಪಂಚೆ ಹಿಡ್ಕೊಂಡು ಗದ್ದೆ ಬಯಲಲ್ಲಿ. ಅವ್ರು ಮಂಡಿ ಹಾಕಿ ತಿರುಗಿದ್ರೆ ಧೂಳು ಎದ್ದು ಗ್ಯಾಸ್‌ಲೈಟು ಮಸುಕಾಗ್ತಿತ್ತು, ಲೆಕ್ಕ ಮಾಡ್ಲಿಕ್ಕೆ ಹೋದ್ರೆ ತಲೆ ತಿರುಗೋದು ನಂಗೆ. ಪದ್ಮಶ್ರೀ ಬಂತಲ್ಲ 2012ರಲ್ಲಿ, ಅದಾದ್ಮೇಲೆ ಮತ್ತೊಮ್ಮೆ ನೋಡಿದೆ, ಅವ್ರಿಗೆ ಆಗ ಎಂಬತ್ತರ ಹತ್ರ. ಮಂಡಿ ಇಲ್ಲ. ತಿರುಗೋದೂ ಎರಡೋ ಮೂರೋ ಸುತ್ತು. ಆದ್ರೆ ಮೋಹಿನಿ ಬರೋ ಹೊತ್ತಿಗೆ ಅವ್ರು ಸುಮ್ನೆ ನಿಂತ್ರು. ಚಂಡೆ ನಡೀತಾ ಇದೆ, ಕಾಲು ಅಲ್ಲಾಡಲ್ಲ, ಬಲಗಡೆ ಹುಬ್ಬು ಮಾತ್ರ ನಿಧಾನ ಮೇಲೆ ಹೋಯ್ತು, ಆಮೇಲೆ ಕತ್ತು, ಆಮೇಲೆ ಒಂದೇ ಒಂದು ಬೆರಳು. ಪಕ್ಕದಲ್ಲಿ ಕೂತಿದ್ದ ಅಮ್ಮ "ಮೊದ್ಲು ಮೈಯೆಲ್ಲ ಕುಣಿತಿದ್ದ, ಈಗ ಕಣ್ಣಲ್ಲೇ ಮುಗಿಸ್ತ ನೋಡು" ಅಂದ್ಳು. 2017 ಅಕ್ಟೋಬರ್ 3ಕ್ಕೆ ಹೋದ್ರು. ಆ ಎರಡನೇ ಆಟ ನೋಡದೆ ಇದ್ದಿದ್ರೆ ನಂಗೆ ಮೊದಲನೇದೂ ಅರ್ಧವೇ ಅರ್ಥ ಆಗಿರ್ತಿತ್ತು.

ಮತ್ತೆ ಭಾಗವತ ಕಾಳಿಂಗ ನಾವಡರ ವಿಷಯ ಹೇಳ್ಲೇ ಬೇಕು. 1990ರಲ್ಲಿ ಹೋದಾಗ ಅವ್ರಿಗೆ ಇನ್ನೂ 32 ತುಂಬಿರ್ಲಿಲ್ಲ. ಅವ್ರನ್ನ ಮುದುಕ ಆಗಿ ಯಾರೂ ನೋಡ್ಲಿಲ್ಲ. ಇವತ್ತಿಗೂ ಕ್ಯಾಸೆಟ್ಟಿನ ದನಿ ಹಾಗೇ ಇದೆ, ಏರುಶ್ರುತಿ, ಏನೂ ಸವೆದಿಲ್ಲ. ಅದು ಒಳ್ಳೇದೋ ಕೆಟ್ಟದ್ದೋ ನಂಗೆ ಇನ್ನೂ ಗೊತ್ತಾಗ್ಲಿಲ್ಲ.

ಮೈಕ್‌ಸೆಟ್ ಅಂಕೋಲಾ:
ಹುಬ್ಬಿನ ವಿಷಯ ಓದಿ ಒಂದು ನಿಮಿಷ ಸುಮ್ನೆ ಕೂತೆ. ಚಿಟ್ಟಾಣಿಯವ್ರ ಆಟಕ್ಕೆ ನಾನು ಎಷ್ಟೋ ಸಲ ಮೈಕ್ ಕಟ್ಟಿದ್ದೆ, ರಂಗದ ನಡುವೆ ಮೇಲಿಂದ ಇಳಿಬಿಡೋ ಮೈಕು, ಅವ್ರು ಕುಣಿಯೋವಾಗ ಕಿರೀಟ ತಾಗ್ತದೆ ಅಂತ ಹಗ್ಗ ಎರಡು ಗೇಣು ಮೇಲೆ ಎಳೀಬೇಕಿತ್ತು. ಕೊನೇ ಕೊನೇಗೆ ಎಳೆಯೋ ಅಗತ್ಯ ಬರ್ಲಿಲ್ಲ. ನಾನು ಅದನ್ನ ಕೆಲಸ ಕಡಿಮೆ ಆಯ್ತು ಅಂತ ಮಾತ್ರ ನೋಡಿದ್ದೆ, ಥೂ.

ಲೋ ಬ್ಯಾಟರಿಗೆ: ಫೋನಿನ ಸ್ಪೀಕರ್ ಮತ್ತೆ ನನ್ನ ಭೋಂಗಾ ಅಣ್ಣ ತಮ್ಮ. ಎರಡರಲ್ಲೂ ಬೇಸ್ ಇಲ್ಲ. ನೀನೂ 1992ರಲ್ಲೇ ಇದೀಯ ಮಾರಾಯ.

ಕಾಳಿನದಿ ಮಗಳು:
ನಾನು ಕಾರವಾರದವಳು, ಈಗ ಮಡಗಾಂವ್. ನಮ್ಮ ಮನೇಲಿ ಬ್ಯಾಂಡ್ ಅಂದ್ರೆ ಲೋರ್ನಾ. ಕೊಂಕಣಿಯವರಿಗೆ ವಿವರ್ಸೋದು ಬೇಡ, ಉಳಿದೋರಿಗೆ ಹೇಳ್ತೀನಿ. ಲೋರ್ನಾ ಮತ್ತೆ ಟ್ರಂಪೆಟ್ ಊದೋ ಕ್ರಿಸ್ ಪೆರಿ, ಈ ಇಬ್ರ ಹಾಡು ಎಪ್ಪತ್ತರ ಸುಮಾರಿಗೆ ಗೋವಾದಲ್ಲಿ, ಮುಂಬೈಲಿ, ನಮ್ಮ ಕಾರವಾರದ ಕ್ರಿಶ್ಚಿಯನ್ ಮದುವೆಗಳಲ್ಲಿ ಎಲ್ಲ ಕಡೆ. ಆಮೇಲೆ ಅವ್ಳು ಹಾಡೋದನ್ನೇ ನಿಲ್ಸಿದ್ಲು. ಒಂದು ವರ್ಷ ಎರಡು ವರ್ಷ ಅಲ್ಲ, ಇಪ್ಪತ್ತು ವರ್ಷಕ್ಕೂ ಮೇಲೆ. ಜನ ಅವ್ಳು ಸತ್ತೇ ಹೋಗಿದಾಳೆ ಅಂತ ಕೂಡ ಮಾತಾಡ್ತಿದ್ರು.

1995 ಡಿಸೆಂಬರಲ್ಲಿ ಪಣಜಿ ಮಿರಾಮಾರ್‌ನಲ್ಲಿ ಅವ್ಳು ವಾಪಸ್ ಸ್ಟೇಜಿಗೆ ಬರ್ತಾಳೆ ಅಂತ ಸುದ್ದಿ. ಅಮ್ಮ ಮೀನು ಮಾರ್ಕೆಟಿಂದ ಬಂದವಳು ಬುಟ್ಟಿ ಇಟ್ಟು ಸೀದಾ ಟ್ರಂಕ್ ತೆಗೆದ್ಲು, ಮದುವೆ ಆದಮೇಲೆ ಹಾಕದೇ ಇದ್ದ ಒಂದು ಫ್ರಾಕ್ ಹುಡುಕ್ಲಿಕ್ಕೆ. ಅದು ಹಿಡಿಸ್ಲಿಲ್ಲ ಬಿಡಿ. ಕೋಡಿಬಾಗ್‌ನಲ್ಲಿ ಬಸ್ಸು, ಕಾಳಿ ಸೇತುವೆ ದಾಟಿ (ಆ ಹಳೇ ಸೇತುವೆನೂ ಈಗ ಇಲ್ಲ, 2024 ಆಗಸ್ಟಲ್ಲಿ ರಾತ್ರಿ ಕುಸಿದು ಬಿತ್ತು), ಪಣಜಿ ಮುಟ್ಟೋವಾಗ ಕತ್ತಲೆ. ಎಷ್ಟು ಜನ ಅಂದ್ರೆ ನಂಗೆ ಸ್ಟೇಜ್ ಕಾಣ್ಲೇ ಇಲ್ಲ, ನಾನು ನೋಡಿದ್ದು ಅಮ್ಮನ ಮುಖ ಮಾತ್ರ. ಲೋರ್ನಾ ಮೊದಲ ಸಾಲು ಹಾಡಿದಾಗ ಅಮ್ಮ ಅಳ್ಲಿಲ್ಲ ನಗ್ಲಿಲ್ಲ, ಬಾಯಿ ಮಾತ್ರ ಹಾಡಿನ ಜೊತೆ ಹೋಗ್ತಾ ಇತ್ತು, ದನಿ ಇಲ್ದೆ, ಚರ್ಚಲ್ಲಿ ಪ್ರಾರ್ಥನೆ ಹೇಳೋ ಹಾಗೆ. ದನಿ ದಪ್ಪ ಆಗಿತ್ತು ಲೋರ್ನಾದು, ಅದು ನಂಗೂ ಗೊತ್ತಾಯ್ತು, ರೇಡಿಯೋದಲ್ಲಿ ಕೇಳಿದ ಹುಡುಗಿ ಅಲ್ಲ ಇವ್ಳು. ಅಮ್ಮನಿಗೆ ಕೇಳಿದ್ರೆ "ಆಮಿ ಕಿತೇಂ ಚೆಡ್ವಾಂಗೀ?" ಅಂದ್ಲು. ನಾವೇನು ಹುಡುಗಿಯರಾ ಅಂತ.

ಹೆವಿಮೆಟಲ್ ಹೆಗಡೆ:
ಈ ಚರ್ಚೇಲಿ ನಾನು ಬರೆದದ್ದೇ ಎಲ್ಲಕ್ಕಿಂತ ಕಳಪೆ ಆಯ್ತು 😀

ದೇವಿಮನೆ ಘಾಟಿ:
ಕುಮಟಾದಿಂದ ಒಂದು. 2005 ಏಪ್ರಿಲ್, ಬೆಂಗಳೂರು ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ ಕನ್ನಡವೇ ಸತ್ಯ. ಮೇಲೆ ಮೆಟಲ್ ಅಂತ ಬರೆದಿರೋರು ಅದೇ ಮೈದಾನದ ವಿಷಯ ಹೇಳ್ತಾ ಇರೋದು. ಭಾವಗೀತೆಗೆ ಅಷ್ಟು ಜನ ಸೇರ್ತಾರೆ ಅಂತ ಯಾರೂ ನಂಬಿರ್ಲಿಲ್ಲ, ಸಿನಿಮಾ ಸ್ಟಾರ್ ಬಂದ ಹಾಗೆ ಜನ. ಆಮೇಲೆ ಇನ್ನೊಮ್ಮೆ ಕೇಳ್ಬೇಕು ಅನ್ನೋದ್ರಲ್ಲಿ 2009 ಡಿಸೆಂಬರ್ 29, ಅವ್ರ ಹುಟ್ಟಿದ ಹಬ್ಬದ ದಿನವೇ ಹೋದ್ರು. ಮಾರನೇ ದಿನ ವಿಷ್ಣುವರ್ಧನ್. ಆ ವಾರ ಕನ್ನಡದವರು ಯಾರೂ ಮರೆಯಲ್ಲ.

ಕೋಡಿಬಾಗ್ ಕಡೆಯವ:
ದೇವಿಮನೆಯವ್ರೆ, ಆ ವಾರದಲ್ಲಿ ಇನ್ನೊಬ್ರು ಹೋದ್ರು, ಡಿಸೆಂಬರ್ 25ಕ್ಕೆ, ಇಂಡಿಯನ್ ಓಶನ್ ಬ್ಯಾಂಡಿನ ಅಸೀಮ್ ಚಕ್ರವರ್ತಿ. ಇಲ್ಲಿ ಸುದ್ದಿ ಆಗ್ಲಿಲ್ಲ ಅಷ್ಟೆ. ತಬಲಾ ಬಾರಿಸ್ತಾ ಬಾರಿಸ್ತಾನೇ ಹಾಡ್ತಿದ್ರು, ಕೂತ್ಕೊಂಡು. ನಾನು ಇಂಜಿನಿಯರಿಂಗ್ ಓದೋವಾಗ ಅವ್ರನ್ನ ನೋಡಿದ್ದೆ. ಬೇಸ್ ಬಾರಿಸೋ ರಾಹುಲ್ ರಾಮ್ ನರ್ಮದಾ ಹೋರಾಟದಲ್ಲಿ ಇದ್ದವ್ರು, ನದಿ ಮೇಲಿನ ಅವ್ರ ಹಾಡು ಬಂದದ್ದೂ ಆ ಕಣಿವೆಯಿಂದಲೇ. ಬೇಡ್ತಿ, ಅಘನಾಶಿನಿ, ಕೈಗಾ ಹೋರಾಟ ಅಂತ ಕೇಳ್ತಾ ಬೆಳೆದ ನಮಗೆ ಅದು ಬೇರೆ ಊರಿನ ಹಾಡು ಅನ್ನಿಸ್ಲೇ ಇಲ್ಲ.

ಮತ್ತೆ ನೋಡಿದ್ದು ತುಂಬಾ ವರ್ಷ ಬಿಟ್ಟು. ಅಸೀಮ್ ಇಲ್ಲ, ಗಿಟಾರಿನ ಸುಶ್ಮಿತ್ ಸೆನ್ 2013ರಲ್ಲೇ ಬಿಟ್ಟಿದ್ರು. ತಬಲಾಕ್ಕೆ ಬೇರೆಯವ್ರು, ಹಾಡ್ಲಿಕ್ಕೆ ಬೇರೆಯವ್ರು, ಅಂದ್ರೆ ಒಬ್ಬರ ಜಾಗಕ್ಕೆ ಇಬ್ರು. ಅಣ್ಣನಿಗೆ 2012ರಲ್ಲಿ ಸಿಟ್ಟು ಬಂತು ಅಂದ್ರಲ್ಲ, ನಂಗೆ ಬರ್ಲಿಲ್ಲ. ಯಾಕಂದ್ರೆ ಅಸೀಮ್ ಜಗಳ ಮಾಡಿ ಹೋದದ್ದಲ್ಲ, ಸತ್ತು ಹೋದದ್ದು. ಬ್ಯಾಂಡ್ ಒಡೆದದ್ದಕ್ಕೆ ಸಿಟ್ಟು ಬರ್ತದೆ, ವಯಸ್ಸಿಗೆ ಸಾವಿಗೆ ಸಿಟ್ಟು ಬರಲ್ಲ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ.

ಲೋ ಬ್ಯಾಟರಿ:
ಓಕೆ ಮುದುಕ್ರು ಅಂದದ್ದು ವಾಪಸ್ ತಗೊಂಡೆ. ಆದ್ರೆ ಒಂದು ಡೌಟು, ದನಿ ಹೋದ್ರೆ ಶ್ರುತಿ ಇಳಿಸಿ ಹಾಡ್ಬಹುದಲ್ಲ? ಕರೋಕೆ ಆ್ಯಪಲ್ಲಿ ನಾನು ಎರಡು ಪಾಯಿಂಟ್ ಇಳಿಸ್ತೀನಿ.

ಮೈಕ್‌ಸೆಟ್ ಅಂಕೋಲಾ:
ಇಳಿಸ್ತಾರೆ, ಎಷ್ಟೋ ಜನ ಇಳಿಸ್ತಾರೆ. ಗನ್ಸ್‌ನವ್ರ ಗಿಟಾರು ಶುರುವಿಂದ್ಲೂ ಅರ್ಧ ಸ್ವರ ಕೆಳಗೇ ಟ್ಯೂನ್ ಆಗಿರೋದು. ಇನ್ನೂ ಇಳಿಸಿದ್ರೆ ತಂತಿ ಸಡಿಲ ಆಗಿ ಹಾಡಿನ ಬಣ್ಣವೇ ಬದಲಾಗ್ತದೆ. ಹಾರ್ಮೋನಿಯಂ ಆದ್ರೆ ಕಪ್ಪು ಮೂರು ಬಿಟ್ಟು ಕಪ್ಪು ಒಂದಕ್ಕೆ ಬಂದ್ರಾಯ್ತು, ಗಿಟಾರಿಗೆ ಅಷ್ಟು ಸಲೀಸಲ್ಲ.

ಸೌಂಡಿನ ಮಾತು ಬಂತಲ್ಲ, ಮುಂಬೈಲಿ ನಾನು ಮುಂದೆ ನುಗ್ಗಲಿಲ್ಲ, ಹಿಂದೆ ಇರೋ ಡಿಲೇ ಟವರ್ ಪಕ್ಕ ನಿಂತೆ. ಎಲ್ರೂ ಸ್ಲಾಶ್ ನೋಡ್ತಾ ಇದ್ರೆ ನಾನು ಸ್ಪೀಕರ್ ನೋಡ್ತಾ ಇದ್ದೆ, ಹೆಂಡತಿ ತಲೆ ಚಚ್ಕೊಂಡ್ಳು. ಸೌಂಡು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗೋದು. ಸ್ಟೇಜಿಂದ ನೂರು ಮೀಟರ್ ಹಿಂದೆ ಇನ್ನೊಂದು ಸ್ಪೀಕರ್ ಇಟ್ಟು ಎರಡನ್ನೂ ಒಟ್ಟಿಗೆ ಬಿಟ್ರೆ ಹಿಂದಿನವನಿಗೆ ಒಂದೇ ಏಟು ಎರಡು ಸಲ ಕೇಳ್ತದೆ, ನಡುವೆ ಕಾಲು ಸೆಕೆಂಡಿಗೂ ಮೇಲೆ ಅಂತರ. ಅದಕ್ಕೆ ಹಿಂದಿನ ಟವರನ್ನ ಅಷ್ಟೇ ಹೊತ್ತು ತಡಮಾಡಿ ಬಿಡ್ತಾರೆ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿ, ಒಂದೇ ತಂತಿ ಎಳ್ಕೊಂಡು ಹೋಗಿ ದೇವಸ್ಥಾನದಿಂದ ರಸ್ತೆ ತಿರುವಿನ ತನಕ ಆರು ಭೋಂಗಾ, ಭಜನೆ ಹೇಳೋರು ಒಬ್ರು, ಕೇಳೋದು ಆರು ಜನ ಹೇಳಿದ ಹಾಗೆ. ಕಾರವಾರ ಬೀಚಲ್ಲಂತೂ ಇನ್ನೂ ಕಷ್ಟ, ಸಂಜೆ ಕಡಲ ಗಾಳಿಗೆ ಒಂದು ಥರ ಸೆಟ್ ಮಾಡಿಟ್ರೆ ರಾತ್ರಿ ಗಾಳಿ ತಿರುಗಿದ್ಮೇಲೆ ಸೌಂಡೇ ಬೇರೆ.

ಈಗ ಹತ್ತು ಗಂಟೆ ಮೇಲೆ ಮೈಕ್ ಇಲ್ಲ ಅನ್ನೋ ರೂಲ್ಸಿಂದ ಆಟನೂ ಕಾಲಮಿತಿ ಆಯ್ತು, ನಿದ್ದೆ ಬರ್ತದೆ, ಬಾಡಿಗೆ ಅರ್ಧ ಆಗಿದೆ. ಅದು ಬೇರೆ ಗೋಳು.

ಪ್ಯಾಡ್ ಮಾಸ್ತರ:
ನಾನು ಓದೋದು ಮಾತ್ರ, ಬರೆಯೋದು ಇದೇ ಮೊದಲು. ಮೈಕ್‌ಸೆಟ್ ಅವ್ರೆ, ನಿಮ್ಮ ಹತ್ರ ಒಂದು ಕೇಳ್ಬೇಕು. 1994, ಕಾರವಾರದ ಒಂದು ಸಾರ್ವಜನಿಕ ಗಣಪತಿ, ಐದನೇ ದಿನ, ಆರ್ಕೆಸ್ಟ್ರಾ, ಧೋ ಧೋ ಮಳೆ, ನೀಲಿ ತಾಡಪಾಲು, ಜನರೇಟರ್. ಆ ದಿನ ಮೈಕ್ ಅಂಕೋಲಾದಿಂದ ಬಂದಿತ್ತು. ಗಾಯಕ ಗಂಡಸು, ಹಾಡೋದು ಜಾನಕಿ ದನೀಲಿ. ಎರಡನೇ ಚರಣಕ್ಕೆ ಮೈಕು ಕುಂಯ್ಯ್ಯ್ ಅಂತ ಕೂಗಿದ್ದು, ಮುಂದೆ ಕೂತಿದ್ದ ಮಕ್ಕಳೆಲ್ಲ ಕಿವಿ ಮುಚ್ಕೊಂಡಿದ್ದು. ಅದು ನೀವಾ?

ಮೈಕ್‌ಸೆಟ್ ಅಂಕೋಲಾ:
ಅಯ್ಯೋ ದೇವ್ರೇ. ಹೌದು ಮಾರಾಯ್ರೆ, ನಾನೇ, ಅಪ್ಪನಿಗೆ ಜ್ವರ ಅಂತ ಮೊದಲ ಸಲ ಒಬ್ನೇ ಬಂದದ್ದು. ನೀವು ಯಾರು, ಕಾಂಗೋ ಬಾರಿಸ್ತಿದ್ದೋರಾ?

ಪ್ಯಾಡ್ ಮಾಸ್ತರ:
ರಿದಂ ಪ್ಯಾಡು. ಕೆಂಪು ಸ್ಯಾಟಿನ್ ಶರ್ಟು.

ಮೈಕ್‌ಸೆಟ್ ಅಂಕೋಲಾ:
ಕೆಂಪು ಸ್ಯಾಟಿನ್ ಶರ್ಟು!! ನೀವು ಮಾನಿಟರ್ ಸ್ಪೀಕರನ್ನ ಕಾಲಲ್ಲಿ ನಿಮ್ಮ ಕಡೆ ತಿರುಗಿಸ್ಕೊಂಡ್ರಿ, ಅದು ಸೀದಾ ಗಾಯಕನ ಮೈಕಿಗೆ ಮುಖ ಮಾಡ್ತು. ಅದಕ್ಕೇ ಕೂಗಿದ್ದು. ಕಮಿಟಿಯವ್ರು ನನ್ನ ಬಾಡಿಗೇಲಿ ನೂರು ರೂಪಾಯಿ ಹಿಡ್ಕೊಂಡ್ರು. ಮೂವತ್ತು ವರ್ಷದಿಂದ ಈ ಮಾತು ಹೇಳ್ಬೇಕು ಅಂತ ಕಾದಿದ್ದೆ.

ಪ್ಯಾಡ್ ಮಾಸ್ತರ:
ಕಾಲಲ್ಲಿ ತಿರುಗಿಸಿದ್ದು ನಿಜ. ಮಳೆ ಸದ್ದಿಗೆ ನಂಗೆ ಏನೂ ಕೇಳ್ತಿರ್ಲಿಲ್ಲ. ನೂರು ರೂಪಾಯಿ ವಿಷಯ ಗೊತ್ತಿರ್ಲಿಲ್ಲ.

ಹೆವಿಮೆಟಲ್ ಹೆಗಡೆ:
ಯಾರೂ ಏಳ್ಬೇಡಿ, ನಾನು ಚಾ ಮಾಡ್ಕೊಂಡು ಬರ್ತೆ.

ಮೈಕ್‌ಸೆಟ್ ಅಂಕೋಲಾ:
ಅದಿರ್ಲಿ, ಆ ಗಾಯಕ ಈಗ ಎಲ್ಲಿದಾರೆ? ಕೂಗು ನಿಂತ ಮೇಲೆ ಅವ್ರು ಹೆದರದೆ ಅದೇ ಸಾಲಿಂದ ಶುರು ಮಾಡಿದ್ರು ನೋಡಿ, ಅದೂ ಹೆಣ್ಣು ದನೀಲೇ, ಎಳೆ ತುಂಡಾಗ್ಲಿಲ್ಲ. ಮಿಕ್ಸರ್ ಹಿಂದೆ ಕೂತವನಿಗೆ ಮೈ ಜುಮ್ ಅಂತು. ಸತ್ಯವಾಗಿ ಹೇಳ್ತೀನಿ, ಆಕ್ಸಲ್ಲಿಗಿಂತ ಮೊದಲು ನಾನು ಫ್ಯಾನ್ ಆಗಿದ್ರೆ ಅದು ಅವ್ರಿಗೆ.

ಪ್ಯಾಡ್ ಮಾಸ್ತರ:
ಇದಾನೆ. ಅರವತ್ತು ದಾಟಿತು. ಸೀಬರ್ಡ್ ನೌಕಾನೆಲೆಗೆ ಜಾಗ ಹೋದ್ಮೇಲೆ ಊರು ಬಿಟ್ಟು ಬೇರೆ ಕಡೆ ಮನೆ ಮಾಡಿದ, ಆರ್ಕೆಸ್ಟ್ರಾ ಅಲ್ಲಿಗೇ ಬಿಟ್ಟುಹೋಯ್ತು, ಆಮೇಲೆ ಟ್ರ್ಯಾಕ್ ಹಾಕಿ ಹಾಡೋರು ಬಂದ್ರು, ಹದಿನೈದು ಜನರ ತಂಡ ಯಾರಿಗೂ ಬೇಡ ಆಯ್ತು. 2017 ಅಕ್ಟೋಬರಲ್ಲಿ ಮೈಸೂರು ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ಎಸ್. ಜಾನಕಿ ಕೊನೇ ಕಾರ್ಯಕ್ರಮ ಕೊಟ್ರಲ್ಲ, ಅದಕ್ಕೆ ಅವನನ್ನ ಕರ್ಕೊಂಡು ಹೋದದ್ದು ನಾನೇ. ಜಾನಕಮ್ಮನಿಗೆ ಆಗ 79. ಇವ ಇಡೀ ಹೊತ್ತು ಕಣ್ಣು ಮುಚ್ಚಿ ಬೆರಳಲ್ಲಿ ಸ್ವರಸ್ಥಾನ ಲೆಕ್ಕ ಹಾಕ್ತಾ ಕೂತಿದ್ದ. ಹೊರಗೆ ಬಂದು "ಅಮ್ಮ ನಿಲ್ಸಿದ್ರು, ಇನ್ನು ನಾನು ಹಾಡಿದ್ರೆ ಯಾರ ದನಿ ಅಂತ ಹಾಡ್ಲಿ" ಅಂದ. ಆಮೇಲೆ ಬಸ್ ಸ್ಟ್ಯಾಂಡಲ್ಲಿ ಇಡ್ಲಿ ತಿಂದ್ವಿ.

ಈಗ ಶನಿವಾರ ಭಜನೇಲಿ ಹಾಡ್ತಾನೆ. ಹೆಣ್ಣು ದನಿ ಹೋಗಿದೆ, ಗಂಡು ದನಿ ಯಾವತ್ತೂ ರೂಢಿ ಮಾಡಿರ್ಲಿಲ್ಲ, ಹಾಗಾಗಿ ಎರಡರ ನಡುವೆ ಎಲ್ಲೋ ಇದೆ. ಆದ್ರೆ ಸಾಲು ಎಲ್ಲಿ ಬಿಡ್ಬೇಕು ಎಲ್ಲಿ ಹಿಡೀಬೇಕು ಅನ್ನೋದು ಹಾಗೇ ಇದೆ.

ಕಾಳಿನದಿ ಮಗಳು:
ಮೈಕ್‌ಸೆಟ್ ಅವ್ರೆ ನೀವು ಹೋಗ್ಲಿಲ್ಲ ಅಂದ್ರೆ ನಾನು ಮಡಗಾಂವ್‌ನಿಂದ ಬಂದು ಎಳ್ಕೊಂಡು ಹೋಗ್ತೀನಿ.

ಮೈಕ್‌ಸೆಟ್ ಅಂಕೋಲಾ:
ಮಾಸ್ತರೆ, ಮುಂದಿನ ಶನಿವಾರ ಬರ್ಲಾ? ಊರು ಇಲ್ಲಿ ಬರೀಬೇಡಿ, ಮೆಸೇಜ್ ಮಾಡಿ. ಮಳೆ ಬಂದ್ರೂ ಬರ್ತೀನಿ.

ಪ್ಯಾಡ್ ಮಾಸ್ತರ:
ಬನ್ನಿ. ಅವನಿಗೆ ಹೇಳಿದೆ, ಕುಂಯ್ ಅಂದವನಾ ಅಂತ ಕೇಳಿದ. ಮೈಕ್ ತರ್ಬೇಡಿ ಅಂದಿದಾನೆ.

ಮೈಕ್‌ಸೆಟ್ ಅಂಕೋಲಾ:
ಮೈಕ್ ತರಲ್ಲ. ನೂರು ರೂಪಾಯಿ ನೀವು ತನ್ನಿ.